ಹೊಳೆ ಮೇಲೆ ಹೆಸರು ಕರೆಯಬೇಡಿ

ಹೋದ ತಿಂಗಳು ಠಾಣೆಗೆ ಹೊಸದಾಗಿ ಸೇರಿದವರ ಮುಂದೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಮೈಕು ಕೈಗೆ ಕೊಟ್ಟರು. ಅಗ್ನಿಶಾಮಕ ಇಲಾಖೆಯಲ್ಲಿ ಜೀವ ಸವೆಸಿದವನು ನಾನು. ಉರಿಯುವ ಗೋದಾಮಿನ ಮುಂದೆ ಒಣಗದ ಗಂಟಲು ಆ ಮೈಕಿನ ಮುಂದೆ ಒಣಗಿಹೋಯಿತು. "ಧೈರ್ಯವಾಗಿರಿ, ಬೂಟು ಸ್ವಚ್ಛವಾಗಿಡಿ" ಎಂದು ಏನೋ ಒದರಿ ಕೂತುಬಿಟ್ಟೆ. ಮನೆಗೆ ಬಂದ ಮೇಲೆ ಹೇಳಬೇಕಾಗಿದ್ದ ಮಾತೆಲ್ಲ ಸಾಲುಗಟ್ಟಿ ಬಂತು. ನಾನು ಒಬ್ಬನೇ ಗೊಣಗುವುದನ್ನು ಕೇಳಿ ಕೇಳಿ ಸಾಕಾದ ನನ್ನ ಹೆಂಡತಿ ಹಸೀನಾ, "ಗೋಡೆಗೆ ಹೇಳಾದಕ್ಕಿಂತ ಕಾಗದದಾಗೆ ಬರೀರಿ, ಗೋಡೆಗೂ ಕಿವಿ ನೋವು ಬಂದೈತೆ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಬಂತು, ಯಾರ ಕೈಯಿಂದ ಪ್ರಶಸ್ತಿ ತಗೊಂಡೆ ಎನ್ನುವುದೆಲ್ಲ ನಿಮಗೆ ಬೇಡ, ನನಗೂ ಬೇಡ. ಕೆಲಸಕ್ಕೆ ಬರುವ ಮಾತು ಒಂದಿದೆ. ನಮ್ಮ ಇಲಾಖೆಯ ಹೆಸರಿನಲ್ಲಿರುವುದು ಬೆಂಕಿ. ಬೇಸಿಗೆಯಲ್ಲಿ ಹುಲ್ಲಿನ ಬಣವೆ, ಮೆಕ್ಕೆಜೋಳದ ರಾಶಿ ಉರಿಯುತ್ತವೆ. ಹೋಗಿ ಆರಿಸಿ ಬರುತ್ತೇವೆ. ಆದರೆ ನಾನು ದುಡಿದ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಈ ನಾಲ್ಕೂ ಸೀಮೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ನೀರು. ಎಲ್ಲಿ ನೀರಿದೆಯೋ ಅಲ್ಲಿ ಒಳಗೆ ಏನೋ ಒಂದಿದೆ ಎಂದು ಅಲ್ಲಿನ ಜನ ನಂಬಿರುತ್ತಾರೆ. ತರಬೇತಿಯಲ್ಲಿ ನಿಮಗೆ ಹಗ್ಗದ ಗಂಟು ಕಲಿಸಿರುತ್ತಾರೆ, ಮುಳುಗಿದವನ ಎದೆ ಒತ್ತುವುದು ಕಲಿಸಿರುತ್ತಾರೆ. ಆ 'ಏನೋ ಒಂದರ' ಬಗ್ಗೆ ಯಾರೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ, ನಗಬೇಡಿ.

ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಹಾಳು ಬಾವಿಗೆ ಮೇಕೆ ಬಿದ್ದಿತ್ತು. ನಮ್ಮನ್ನು ಕರೆಸಿದ ಜನ ತಾವು ಮಾತ್ರ ಬಾವಿಯ ಹತ್ತಿರ ಸುಳಿಯಲೊಲ್ಲರು. "ಒಳಗೆ ಒಂದು ಐತ್ರೀ. ಕಚ್ಚಲ್ಲ, ತಿನ್ನಲ್ಲ. ಉಸಿರು ಎಳ್ಕಂತೈತೆ, ಅಷ್ಟೆ" ಎಂದ ಒಬ್ಬ ಮುದುಕ. ನಮ್ಮ ತಂಡದ ಶಿವರುದ್ರ ಗಟ್ಟಿಮುಟ್ಟಾದ ಆಳು, ಬಾಯಿಯೂ ಅಷ್ಟೇ ಗಟ್ಟಿ. "ತಡಿ ಅಜ್ಜ, ಅದರ ಮೀಸೆ ಹಿಡ್ಕಂಡು ಮ್ಯಾಲೆ ತರ್ತೀನಿ" ಎಂದು ಇಳಿದ. ಅರ್ಧ ಇಳಿಯುವಷ್ಟರಲ್ಲಿ ಅವನ ಕೈ ಸಡಿಲಾಯಿತು. ಸೊಂಟಕ್ಕೆ ಬೇರೆ ಹಗ್ಗ ಬಿಗಿದಿದ್ದರಿಂದ ಎಳೆದುಕೊಂಡೆವು. ಮುಖ ನೀಲಿಗಟ್ಟಿತ್ತು. ಬಾವಿಯ ತಳದಲ್ಲಿ ವರ್ಷಗಟ್ಟಲೆ ಕೊಳೆತ ಎಲೆ, ಅದರಿಂದ ಎದ್ದ ಕೆಟ್ಟ ಗಾಳಿ. ಮುದುಕ ಹೇಳಿದ ಪ್ರಾಣಿ ಅದೇ. ಈಗ ನಿಮ್ಮ ಕೈಯಲ್ಲಿ ಗಾಳಿ ಅಳೆಯುವ ಯಂತ್ರವಿದೆ, ಬೆನ್ನಿಗೆ ಸಿಲಿಂಡರ್ ಇದೆ. ಆದರೂ ಬಾವಿಗೆ ಇಳಿಯುವ ಮೊದಲು ಆ ಊರಿನ ಮುದುಕರನ್ನು ಒಂದು ಮಾತು ಕೇಳಿ.

ಚನ್ನಗಿರಿ ಕಡೆಯ ಒಂದು ಕೆರೆಯಲ್ಲಿ ಜಡೆ ಬಿಚ್ಚಿದ ಹೆಂಗಸು ಇದ್ದಾಳೆ ಎನ್ನುತ್ತಿದ್ದರು. ಅಲ್ಲಿ ಮೀನು ಹಿಡಿಯುವವರು ಈಜುವಾಗ ಕಾಲು ಕೆಳಗೆ ಬಿಡುವುದೇ ಇಲ್ಲ. ಅವಳ ಜಡೆ ತುಳಿದರೆ ಸುತ್ತಿಕೊಳ್ಳುತ್ತಾಳಂತೆ. ಆಗ ನಮ್ಮ ಮೇಲಿದ್ದ ಅಧಿಕಾರಿಗೆ ನೀರು ಕಂಡ ಕೂಡಲೇ ಪ್ಯಾಂಟು ಮಡಿಚಿಕೊಳ್ಳುವ ಅಭ್ಯಾಸ. ಮಡಿಚಿಕೊಂಡು ಏರಿಯ ಮೇಲೇ ನಿಂತು, "ಇದೆಲ್ಲ ಮೂಢನಂಬಿಕೆ, ಇಳೀರಿ" ಎನ್ನುವರು. ಪ್ಯಾಂಟು ಮಡಿಚುವುದು ಅವರ ಅಭ್ಯಾಸ, ಇಳಿಯುವುದು ನಮ್ಮ ಅಭ್ಯಾಸ. ಇಳಿದೆ. ಎರಡಾಳುದ್ದದ ಜೊಂಡು ನನ್ನ ಕಾಲಿಗೆ ಸುತ್ತಿಕೊಂಡಾಗ ಮೀನುಗಾರರಂತೆ ಅಂಗಾತ ಮಲಗಿ ಈಜಿಯೇ ಪಾರಾದೆ.

ಕಥೆ ಇರುವ ನೀರಿಗೆ ನಾನು ಅಷ್ಟು ಹೆದರಲಿಲ್ಲ, ಅಲ್ಲಿ ಎಚ್ಚರಿಸುವವರು ಇರುತ್ತಿದ್ದರು. ಹೆದರಿದ್ದು ನ್ಯಾಮತಿ ಕಡೆ ಹೊಲಗಳಲ್ಲಿ ಹೊಸದಾಗಿ ತೋಡಿದ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳಿಗೆ. ಒಮ್ಮೆ ಜಾರಿದರೆ ಹತ್ತಿ ಬರಲು ಹಿಡಿತವಿಲ್ಲ. ಆ ನೀರಿನಲ್ಲಿ ಜಡೆಯವಳಿಲ್ಲ, ಉಸಿರು ಎಳೆಯುವಂಥದ್ದಿಲ್ಲ, ಮಕ್ಕಳನ್ನು ಹೆದರಿಸಿ ದೂರ ಇಡುವ ಒಂದು ಪ್ರಾಣಿಯೂ ಇನ್ನೂ ಹುಟ್ಟಿಲ್ಲ. ಅಲ್ಲಿಂದ ನಾವು ಎತ್ತಿದವರನ್ನು ನೆನೆಯಲು ನನಗೆ ಮನಸ್ಸಿಲ್ಲ.

ಇಷ್ಟು ಹೊತ್ತು ಹೇಳಿದ್ದು ಒಗ್ಗರಣೆ. ಈಗ ಗಡ್ಡೆಯ ಮಾತಿಗೆ ಬರುತ್ತೇನೆ.

ಸಾಸ್ವೆಹಳ್ಳಿಯ ಆಚೆ, ತುಂಗಭದ್ರೆ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ಒಂದು ನಡುಗಡ್ಡೆ. ಮೀನು ಹಿಡಿಯುವ ಕೆಲವು ಮನೆಯವರು ಅಲ್ಲಿ ಗುಡಿಸಲು ಹಾಕಿಕೊಂಡು ಸೌತೆ, ಮೆಕ್ಕೆಜೋಳ ಬೆಳೆದುಕೊಂಡಿದ್ದರು. ಗಡ್ಡೆಯ ಕೆಳತುದಿಗೆ ಆಳವಾದ ಮಡು. ಆ ಮಡುವಿನಲ್ಲಿರುವುದಕ್ಕೆ ಅವರು ಹೆಸರಿಟ್ಟಿಲ್ಲ. ಬರೀ 'ದೊಡ್ಡದು' ಎನ್ನುತ್ತಾರೆ. ಎಮ್ಮೆಯ ಮೈ, ಬಾಳೆಮೀನಿನ ಮೀಸೆ, ತೆಪ್ಪ ನುಗ್ಗುವಷ್ಟು ಅಗಲ ಬಾಯಿ. ಕಣ್ಣಿಲ್ಲವಂತೆ, ಕಿವಿ ಮಾತ್ರ ಬಲು ಚುರುಕಂತೆ. ಇಷ್ಟು ನಾನು ಮೊದಲೇ ಕೇಳಿದ್ದೆ. ಅದರ ಕಿವಿಯಿಂದ ನಮಗೇನು ಕೆಲಸ ಎಂದು ಮುಂದೆ ಕೇಳಿರಲಿಲ್ಲ.

ಆ ಸಲ ಮಲೆನಾಡಿನಲ್ಲಿ ಮಳೆ ಹಿಡಿದು, ಮೇಲಿನ ಡ್ಯಾಮುಗಳು ತುಂಬಿ, ಹೊಳೆ ಒಂದೇ ಇರುಳಿನಲ್ಲಿ ಉಕ್ಕಿಬಿಟ್ಟಿತು. ಗಡ್ಡೆಯವರು ನಮ್ಮನ್ನು ಕಾಯದೆ ನಸುಕಿನಲ್ಲೇ ತಮ್ಮ ತೆಪ್ಪಗಳಲ್ಲಿ ದಾಟಿಕೊಂಡಿದ್ದರು. ನಾವು ರಬ್ಬರ್ ದೋಣಿ ಹೇರಿಕೊಂಡು ಹೋಗುವಾಗ ಎಲ್ಲರೂ ದಡದ ಶಾಲೆಯ ಜಗಲಿ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದರು. ಕೋಳಿ, ಬಲೆ, ಒಲೆಯ ಮೇಲಿನ ಪಾತ್ರೆ, ಎಲ್ಲ ಬಂದಿತ್ತು. "ಎಲ್ಲರೂ ಬಂದ್ರೇನ್ರಪ್ಪ?" ಎಂದು ಕೇಳಿದೆ. ಬಂದೆವು ಎಂದರು. ಆ ಹೊತ್ತಿಗೆ ನಮ್ಮ ಠಾಣಾಧಿಕಾರಿ ಬೇರೆಯವರು, ಅವರದು ಮಾತು ಕಡಿಮೆ, ಅನುಮಾನ ಜಾಸ್ತಿ. "ನಜೀರ್, ಇನ್ನೊಂದು ಸಲ ಮನೆ ಮನೆಯಾಗಿ ಕೇಳು" ಎಂದರು.

ಹನುಮಂತ ಎಂಬವನ ಸರದಿ ಬಂದಾಗ ಅವನು, "ನಾನೊಬ್ಬ, ಮಗಳೊಬ್ಬಳು. ಹೆಂಡ್ತಿ ಬಾಣಂತನಕ್ಕೆ ಚನ್ನಗಿರಿಗೆ ತವರಿಗೆ ಹೋಗ್ಯಾಳೆ" ಅಂದ. ಮಗಳೆಲ್ಲಿ ಎಂದೆ. "ಅಜ್ಜಿ ಜೊತೆ ಅದಾಳೆ." ಅವನ ತಾಯಿ ತಿಮ್ಮಜ್ಜಿ ಜಗಲಿಯ ಆ ತುದಿಯಲ್ಲಿ ಕೂತಿದ್ದಳು, ಬೇರೆ ಗುಡಿಸಲು, ಬೇರೆ ಒಲೆ. ಅವಳು ತಲೆ ಎತ್ತಿ, "ನನ್ನ ಜೊತೆ ಎಲ್ಲಿ? ನಾನು ಮೊದಲನೇ ತೆಪ್ಪದಾಗೆ ಬಂದೆ. ಕೂಸು ನಿನ್ ಜೊತೆ ಬಂತು ಅಂದ್ಕಂಡಿದೀನಿ" ಅಂದಳು.

ಹನುಮಂತ ಒಂದೊಂದೇ ಮುಖ ನೋಡುತ್ತಾ ಆ ತುದಿಯಿಂದ ಈ ತುದಿಗೆ ಬಂದ. ನಾಲ್ಕನೇ ತರಗತಿಯ ಹುಡುಗಿ, ಹೆಸರು ಗೌರಿ. ಹಿಂದಿನ ಸಂಜೆ ಮುನಿಸಿಕೊಂಡು ಗುಡಿಸಲು ಬಿಟ್ಟು ಹೋಗಿದ್ದಳು. ಮುನಿದಾಗ ಅಜ್ಜಿಯ ಗುಡಿಸಲಿಗೆ ಹೋಗಿ ಮಲಗುವುದು ಅವಳ ವಾಡಿಕೆ. ಅಲ್ಲಿರುತ್ತಾಳೆಂದು ಅಪ್ಪ ಸುಮ್ಮನಿದ್ದ. ಅವಳು ಹೋಗಿದ್ದು ಜೋಳದ ಹೊಲದ ಕಾವಲು ಅಟ್ಟಣೆಗೆ ಎಂದು ಆಮೇಲೆ ತಿಳಿಯಿತು.

"ತೆಪ್ಪ ಹತ್ತಿಸುವಾಗ ಒಂದು ಸಲ ಹೆಸರು ಕೂಗಬಾರದಿತ್ತಾ?" ಎಂದು ನಾನು ರೇಗಿದೆ. ಯಾರೂ ಉತ್ತರ ಕೊಡಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಆ ಸಿಟ್ಟಿನಲ್ಲಿ ಅವರ ಮೌನವನ್ನು ದಡ್ಡತನ ಎಂದುಕೊಂಡೆ.

ಡ್ಯಾಮಿನವರಿಂದ ಫೋನ್ ಬಂದಿತ್ತು. ಇನ್ನಷ್ಟು ನೀರು ಬಿಟ್ಟಿದ್ದಾರೆ, ಮಧ್ಯಾಹ್ನದೊಳಗೆ ಇಲ್ಲಿಗೆ ಮುಟ್ಟುತ್ತದೆ. ಅದು ಬಂದರೆ ಗಡ್ಡೆಯ ಗಿಡಗಳ ತುದಿಯೂ ಕಾಣುವುದಿಲ್ಲ. ದೋಣಿ ನಡೆಸುವ ಮಂಜಪ್ಪ, ನಾನು, ಇನ್ನೊಬ್ಬ ಜೊತೆಗಾರ ಹೊರಟೆವು. ಹನುಮಂತನಿಗೂ ಲೈಫ್ ಜಾಕೆಟ್ ಕಟ್ಟಿ ಕೂರಿಸಿಕೊಂಡೆವು, ಅಪ್ಪನ ದನಿ ಕೇಳಿದರೆ ಮಗು ಬೇಗ ಓಗೊಡುತ್ತದೆ ಎಂದು.

ಗಡ್ಡೆಯೆಂಬುದು ಇರಲೇ ಇಲ್ಲ. ಗುಡಿಸಲುಗಳ ಮೇಲ್ಚಾವಣಿ ಒಂದೆರಡು ಕಡೆ, ಅಟ್ಟಣೆಯ ಒಂದು ಗೂಟ, ಉಳಿದಂತೆ ಕೆಂಪು ನೀರಿನಲ್ಲಿ ನಿಂತ ಜಾಲಿ ಮತ್ತು ಹೊಳೆಮತ್ತಿಯ ಮೆಳೆಗಳು. ಬಳ್ಳಿ ಹಬ್ಬಿ ಒಳಗೆ ಏನೂ ಕಾಣದು. ಪ್ರತಿ ಮೆಳೆಗೂ ದೋಣಿ ನುಗ್ಗಿಸುವಂತಿರಲಿಲ್ಲ. ಜಾಲಿ ಮುಳ್ಳು ರಬ್ಬರಿಗೆ ತಾಗಿದರೆ ನಾವೂ ಹೋದಂತೆ. ಹುಡುಗಿ ಬದುಕಿದ್ದರೆ ಎಲ್ಲಾದರೂ ಮರ ಹಿಡಿದಿರಬೇಕು, ಒಂದು ಸಲ ಕೂಗಿದರೆ ಸಾಕು, ಆ ಮೆಳೆಗೇ ಹೋಗಬಹುದು. ಮಂಜಪ್ಪ ಎಂಜಿನ್ ನಿಲ್ಲಿಸಿದ. ನಾನು ಮೈಕು ಹಿಡಿದು, "ಗೌರೀ! ಗೌರಮ್ಮಾ!" ಎಂದು ಕೂಗಿದೆ. ಹನುಮಂತ ಬಾಯಿ ತೆರೆದ, ಮುಚ್ಚಿದ. "ಕೂಗೋ ಮಾರಾಯ!" ಎಂದು ಅವನ ಭುಜ ಅಲುಗಿಸಿದೆ. ಅವನು ನೀರಿನ ಕಡೆ ಒಂದು ನೋಟ ನೋಡಿ, "ಗೌರೀ" ಅಂದ. ಮತ್ತೆ ಕೂಗಿಸಿದೆ. ಮತ್ತೆ ಕೂಗಿದ. ನೀರಿನ ಸದ್ದು ಬಿಟ್ಟರೆ ಏನಿಲ್ಲ.

ಗಡ್ಡೆಯ ಸುತ್ತ ಹೋದೆವು. ಕೂಗಿ ಕೂಗಿ ನನ್ನ ಗಂಟಲು ಬಿರಿಯಿತು. ಈ ಕೆಲಸದಲ್ಲಿ ಒಂದು ಹೊತ್ತು ಬರುತ್ತದೆ, ಹುಡುಕುವವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಡುತ್ತಾರೆ. ಬದುಕಿದವರನ್ನು ಹುಡುಕುತ್ತಿದ್ದೇವೋ ಇನ್ನೊಂದನ್ನೋ ಎಂದು ಎಲ್ಲರಿಗೂ ಒಂದೇ ಯೋಚನೆ ಬಂದಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಆ ಹೊತ್ತು ಬಂದಿತ್ತು. ಇಂಧನವೂ ಮುಗಿಯುತ್ತಾ ಬಂದಿದ್ದರಿಂದ ದಡಕ್ಕೆ ತಿರುಗಿಸಿದೆವು.

ದಡದಲ್ಲಿ ತಿಮ್ಮಜ್ಜಿ ಮೊಣಕಾಲುದ್ದ ನೀರಿಗೆ ಇಳಿದು ನಿಂತಿದ್ದಳು. ದೋಣಿ ತಾಗುವ ಮೊದಲೇ ಕೇಳಿದಳು, "ಏನಂತ ಕರದ್ರಿ?"

"ಏನಂತ ಅಂದ್ರೆ? ಹೆಸರು ಹಿಡಿದು ಕರೆದ್ವಿ."

ಅಜ್ಜಿ ಎರಡೂ ಕೈಯಲ್ಲಿ ಬಾಯಿ ಬಡಿದುಕೊಂಡಳು. "ಹೊಳೆ ಮ್ಯಾಲೆ? ಹೆಸರು ಹಿಡಿದು? ಅಯ್ಯೋ ನನ್ನಪ್ಪಾ! ಹಂಗೆ ಕರೆದ್ರೆ ಯಾವ ಕೂಸು ಓ ಅಂತೈತೆ?" ಮಗನ ಕಡೆ ತಿರುಗಿ, "ಅವರಿಗೆ ತಿಳೀದು, ನಿನಗೇನಾಗಿತ್ತೋ?" ಎಂದಳು.

ಹನುಮಂತ ನೆಲ ನೋಡಿದ. "ಸಾಹೇಬ್ರು ಕೂಗು ಅಂದ್ರು" ಅಂದ.

ಆಗ ಅಜ್ಜಿ ಹೇಳಿದ್ದು ಇದು. ಗಡ್ಡೆಯವರು ಹೊಳೆಯ ಮೇಲೆ ಯಾರ ಹೆಸರನ್ನೂ ಹಿಡಿಯುವುದಿಲ್ಲ. ದೊಡ್ಡದು ಕಿವಿಗೊಟ್ಟು ಮಲಗಿರುತ್ತದೆ, ಕೇಳಿದ ಹೆಸರನ್ನು ಮರೆಯುವುದಿಲ್ಲ. ನೀರು ಏರಿದ ದಿನ ಅಪ್ಪನ ದನಿಯಲ್ಲಿ, ಅವ್ವನ ದನಿಯಲ್ಲಿ ಆ ಹೆಸರು ಕರೆಯುತ್ತದೆ. ಓ ಎಂದವರು ಅದರ ಪಾಲು. ಹುಟ್ಟಿದ ಮಗುವಿಗೆ ಮಾತು ಬರುವ ಮೊದಲೇ ಇದನ್ನು ಕಲಿಸುತ್ತಾರೆ. ನಸುಕಿನಲ್ಲಿ ತೆಪ್ಪ ಹತ್ತಿಸುವಾಗ ಯಾರೂ ಯಾರ ಹೆಸರನ್ನೂ ಕೂಗದೆ ಇದ್ದದ್ದೂ ಅದಕ್ಕೇ. ಹುಡುಗಿ ಅಲ್ಲೇ ಉಳಿದದ್ದೂ ಅದಕ್ಕೇ.

"ಮತ್ತೆ ಹೆಂಗಮ್ಮ ಕರೀಬೇಕು?" ಎಂದರು ನಮ್ಮ ಅಧಿಕಾರಿ. ಅವರ ಮುಖದಲ್ಲಿ ನಗು ಇರಲಿಲ್ಲ. ಅದಕ್ಕೆ ನಾನು ಅವರನ್ನು ಇಂದಿಗೂ ಮೆಚ್ಚುತ್ತೇನೆ.

"ಒಲೆ ಮುಂದಿನ ಮಾತು ಹೇಳಬೇಕಪ್ಪ. ನೀರಾಗೆ ಇರೋದಕ್ಕೆ ಒಲೆ ಗೊತ್ತಿರಲ್ಲ. ನಿನ್ನೆ ಏನು ಬೇಯಿಸಿದ್ವಿ, ಏನು ಹೊತ್ತಿತು, ಯಾರು ಏನಂದ್ರು, ಅದನ್ನ ಹೇಳಿದ್ರೆ ನಮ್ಮೋರೇ ಅಂತ ಗೊತ್ತಾಗ್ತೈತೆ. ನಾನು ಹೇಳಾನ ಅಂದ್ರೆ ನನ್ನ ಒಲೆ ಬ್ಯಾರೆ. ಅವರವ್ವ ಊರಾಗಿಲ್ಲ. ಆ ಹುಡುಗೀನೇ ಅಡಿಗೆ ಮಾಡ್ತೈತೆ. ನಿನ್ನೆ ಆ ಒಲೆ ಮುಂದೆ ಇದ್ದೋನು ಇವನೊಬ್ಬನೇ."

ಎಲ್ಲರೂ ಹನುಮಂತನನ್ನು ನೋಡಿದೆವು. ಅವನು ತಲೆಯಾಡಿಸಿ ದೋಣಿ ಹತ್ತಿದ.

ಇಂಧನ ತುಂಬಿಸಿಕೊಂಡು ಎರಡನೇ ಸಲ ಹೋಗುವಾಗ ಗುಡಿಸಲುಗಳ ಮೇಲ್ಚಾವಣಿ ಕಾಣಲಿಲ್ಲ. ನೀರಿನಲ್ಲಿ ಬೇರು ಸಮೇತ ಮರಗಳು ಬರುತ್ತಿದ್ದವು. ಜೊತೆಗಾರ ಮುಂದೆ ಕೂತು ಬಿದಿರು ಗಳುವಿನಿಂದ ಅವನ್ನು ತಳ್ಳುತ್ತಿದ್ದ. ಮೊದಲು ಕೂಗಿದ ಜಾಗಗಳಲ್ಲೇ ಒಂದೊಂದು ಕಡೆ ನಿಂತೆವು. ಹನುಮಂತ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ. "ಮೀನ್ ಸಾರು! ಅನ್ನ!"

ಕೇಳಲು ಹುಚ್ಚುತನ. ಪ್ರಾಣ ಹೋಗುವ ಹೊತ್ತಿನಲ್ಲಿ ತುಂಬಿದ ಹೊಳೆಯ ನಡುವೆ ನಿಂತು ಒಬ್ಬ ಮನುಷ್ಯ ಊಟದ ಹೆಸರು ಒದರುತ್ತಿದ್ದಾನೆ. ಮಂಜಪ್ಪ ನನ್ನ ಕಡೆ ನೋಡಿದ. ನಾನು ಕಣ್ಣು ಬಿಟ್ಟು ಹೆದರಿಸಿದೆ.

ಮಡುವಿನ ಹತ್ತಿರದ ಕೊನೆಯ ಮೆಳೆಯ ಮುಂದೆ ಅವನು ಮತ್ತೆ ಹಾಗೇ ಕೂಗಿದಾಗ ಎಲೆಗಳು ಅಲ್ಲಾಡಿದವು. ಗಾಳಿ ಇರಲಿಲ್ಲ. ಹೊಳೆಮತ್ತಿಯ ಕೊಂಬೆಗಳ ನಡುವೆ ಕೆಂಪು ಟೇಪು ಕಟ್ಟಿದ ಜಡೆಯೊಂದು ಮಿಂಚಿತು, ಮತ್ತೆ ಮಾಯವಾಯಿತು. ಬದುಕಿದ್ದಾಳೆ! ಆದರೆ ಅವಳು ನಮ್ಮ ಕಡೆ ಬರಲಿಲ್ಲ. ಬಳ್ಳಿಯ ಒಳಗೆ, ಮಡುವಿನ ಕಡೆಗೆ ಚಾಚಿದ ಕೊಂಬೆಗೆ ಸರಿದಳು. ಆ ಕೊಂಬೆಯ ಕೆಳಗೆ ನೀರು ಗಿರಗಿರನೆ ಸುತ್ತುತ್ತಿತ್ತು.

"ನಂಬಲಿಲ್ಲ" ಅಂದ ಹನುಮಂತ. "ಮೀನು ಅಂದ್ರೆ ನಂಬಲ್ಲ. ನೀರಾಗೆ ಇರೋದಕ್ಕೆ ಮೀನು ಗೊತ್ತಿರ್ತೈತೆ."

"ಹಂಗಾದ್ರೆ ಬೇರೆ ಹೇಳು! ಒಲೆ ಮುಂದೆ ಇನ್ನೇನಾಯ್ತು?"

"ಏನೂ ಇಲ್ಲ ಸಾಹೇಬ್ರೆ."

"ಏನೂ ಇಲ್ಲದೆ ಹುಡುಗಿ ಮುನಿಸಿಕೊಂಡು ಯಾಕೆ ಹೋದಳು?"

ಅವನು ಮುಖ ಆ ಕಡೆ ತಿರುಗಿಸಿದ. ದಡದಿಂದ ಅಧಿಕಾರಿಯ ಸೀಟಿ ಕೇಳಿಸಿತು, ಉದ್ದಕ್ಕೆ ಒಂದು, ಮತ್ತೊಂದು. ವಾಪಸು ಬನ್ನಿ ಎನ್ನುವ ಸೀಟಿ. ಮೇಲಿನ ನೀರು ಕಾಣಿಸಿಕೊಂಡಿದೆ ಎಂದರ್ಥ. ಮಂಜಪ್ಪ, "ನಜೀರಣ್ಣ, ಇನ್ನು ನಿಲ್ಲಾಕೆ ಆಗಲ್ಲ" ಅಂದ. ನಾನು ಹನುಮಂತನ ಜಾಕೆಟ್ಟಿನ ಪಟ್ಟಿ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. ಹೊಡೆದುಬಿಡುತ್ತಿದ್ದೆನೋ ಏನೋ. ಅವನ ಕಣ್ಣು ನೋಡಿ ಕೈ ತಡೆಯಿತು.

"ಉಣ್ಣಲಿಲ್ಲ ಸಾಹೇಬ್ರೆ" ಅಂದ, ನನಗೊಬ್ಬನಿಗೇ ಕೇಳುವಂತೆ. "ಬಲೆ ನೀರುಪಾಲಾಗಿ ಸಿಟ್ಟಾಗೆ ಬಂದಿದ್ದೆ. ಮೊದಲನೇ ತುತ್ತು ಬಾಯಿಗಿಟ್ಟು..."

"ನನಗೆ ಹೇಳಬೇಡ. ಅಲ್ಲಿಗೆ ಹೇಳು."

ಅವನು ದಡದ ಕಡೆ ನೋಡಿದ. ಹೊಳೆ ಅಲ್ಲಿ ಕಿರಿದು. ಶಾಲೆಯ ಜಗಲಿ ಬಿಟ್ಟು ಗಡ್ಡೆಯವರೆಲ್ಲ ನೀರಿನ ಅಂಚಿಗೆ ಬಂದು ನಿಂತಿದ್ದರು. ಅವನ ನೆಂಟರು, ಅವನ ಜೊತೆ ಬಲೆ ಬೀಸುವವರು, ಅವನ ತಾಯಿ. ನೀರಿನ ಮೇಲೆ ದನಿ ದೂರ ಹೋಗುತ್ತದೆ. ಮೈಕು ಕೊಡಹೋದೆ. "ಬ್ಯಾಡ. ಅದರಾಗೆ ನನ್ ದನಿ ಬರಲ್ಲ" ಎಂದು ತಳ್ಳಿ, ದೋಣಿಯಲ್ಲಿ ಎದ್ದು ನಿಂತ. ದೋಣಿ ವಾಲಿತು. ನಾನು ಅವನ ಸೊಂಟ ಹಿಡಿದೆ.

"ನಿನ್ನೆ ನಾನು ತಟ್ಟೆ ಒದ್ದೆ!" ಎಂದು ಕೂಗಿದ. "ಕೇಳ್ತೈತಾ ಅವ್ವಾ? ನೀನು ಬಡಿಸಿದ ತಟ್ಟೆ ನಾನು ಒದ್ದೆ! ಸಾರು ಒಲೆಯಾಗೆ ಬಿತ್ತು, ಒಲೆ ಆರಿಹೋತು! ನಿಮ್ಮವ್ವನ ಹಂಗೆ ಮಾಡಾಕೆ ನಿನಗೆ ಈ ಜನ್ಮದಾಗೆ ಬರಲ್ಲ ಅಂದೆ! ನೀನು ಬೂದಿಯಾಗಿಂದ ಮೀನು ಆರಿಸಿ ಇಟ್ಟೆ, ನಾನು ಅದನ್ನೂ ನೋಡಲಿಲ್ಲ!" "ಉಪ್ಪು ಜಾಸ್ತಿ ಆಗೈತೆ ಅಂತ ಒದ್ದೆ ಕಣವ್ವಾ! ಉಪ್ಪು ಜಾಸ್ತಿ ಆಗೈತೆ ಅಂತ!"

ಮೆಳೆ ಸುಮ್ಮನಿತ್ತು. ನಾನು ಮನಸ್ಸಿನಲ್ಲಿ ಅಲ್ಲಾನನ್ನು ಕರೆದೆ.

ಆಮೇಲೆ ಎಲೆಗಳ ಒಳಗಿಂದ ಒಂದು ದನಿ ಬಂತು. ಚಳಿಗೆ ನಡುಗುತ್ತಿದ್ದ, ಸಿಟ್ಟಿನಿಂದ ಕೀರಲಾದ ಸಣ್ಣ ದನಿ.

"ಉಪ್ಪು ಜಾಸ್ತಿ ಆಗಿರ್ಲಿಲ್ಲ!"

ಹನುಮಂತ ಕುಸಿದು ಕೂತ. ಅಳುತ್ತಾ, ನಗುತ್ತಾ, "ಇಲ್ಲವ್ವಾ, ಆಗಿರ್ಲಿಲ್ಲ, ಆಗಿರ್ಲಿಲ್ಲ" ಎಂದು ಅದನ್ನೇ ಹೇಳತೊಡಗಿದ. ನನ್ನ ಕಣ್ಣೂ ಮಂಜಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಳಲು ಪುರುಸೊತ್ತಿರಲಿಲ್ಲ. ಮಂಜಪ್ಪ ದೋಣಿಯನ್ನು ಮೆಳೆಯ ಮೇಲ್ಬದಿಗೆ ತಂದು ಒಂದು ಕೊಂಬೆಗೆ ಹಗ್ಗ ಸುತ್ತಿದ. ನಾನು ಸೊಂಟಕ್ಕೆ ಇನ್ನೊಂದು ಹಗ್ಗ ಬಿಗಿದು ನೀರಿಗಿಳಿದೆ. ಸೆಳೆತ ಕಾಲು ಕಿತ್ತುಕೊಂಡು ಹೋಗುವಂತಿತ್ತು. ಕೊಂಬೆಯಿಂದ ಕೊಂಬೆ ಹಿಡಿದು, ಮುಳ್ಳಿನಲ್ಲಿ ಮುಖ ಗೀರಿಸಿಕೊಂಡು ಅವಳಿದ್ದ ಕವಲಿನ ಕೆಳಗೆ ಮುಟ್ಟಿದೆ. ಮಂಗನಮರಿಯಂತೆ ಕಾಂಡ ತಬ್ಬಿ ಕೂತಿದ್ದಳು. ಕೈ ಚಾಚಿದೆ. ಕೊಡಲಿಲ್ಲ. ನಾನು ನೀರಿನೊಳಗಿಂದ ಬಂದವನಲ್ಲವೇ!

ನನ್ನ ಹೆಸರು ಹೇಳಲು ಬಾಯಿ ತೆರೆದವನು ನಾಲಗೆ ಕಚ್ಚಿಕೊಂಡೆ. "ನಮ್ಮನೇಲಿ ಬೆಳಿಗ್ಗೆ ಅವಲಕ್ಕಿ ಮಾಡಿದ್ರವ್ವ" ಎಂದೆ. "ನನ್ನ ಹೆಂಡತಿ ಹಸಿಮೆಣಸಿನಕಾಯಿ ಜಾಸ್ತಿ ಹಾಕಿದ್ದಳು. ಬಾಯಿ ಇನ್ನೂ ಉರೀತೈತೆ."

ಅವಳು ನನ್ನನ್ನು 'ಇದು ನಿಜವಿರಬಹುದು' ಎನ್ನುವಂತೆ ನೋಡಿದಳು. ಆಮೇಲೆ ಕೈ ಕೊಟ್ಟಳು. ಹಗ್ಗ ಎಳೆದು ನಮ್ಮಿಬ್ಬರನ್ನೂ ದೋಣಿಗೆ ಹಾಕಿಕೊಂಡರು. ಮಂಜಪ್ಪ ಕೊಂಬೆಯ ಹಗ್ಗ ಬಿಚ್ಚಲಿಲ್ಲ, ಕತ್ತರಿಸಿದ. ನಾವು ಅರ್ಧ ಹೊಳೆ ದಾಟುವಷ್ಟರಲ್ಲಿ ಹಿಂದೆ ಮರ ಮುರಿದ ಸದ್ದು ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

ಹನುಮಂತ ತನ್ನ ಅಂಗಿ ಬಿಚ್ಚಿ ಹಿಂಡಿ ಮಗಳ ತಲೆ ಒರೆಸಿದ. ಅವಳು ಒರೆಸಿಸಿಕೊಂಡಳು, ಅವನ ಮುಖ ಮಾತ್ರ ನೋಡಲಿಲ್ಲ. ದಡ ತಾಗಿದಾಗ ಜನ ಓಡಿ ಬಂದರು, ಆದರೆ ಯಾರೂ ಅವಳನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ. ತಿಮ್ಮಜ್ಜಿ ಸೆರಗು ಬಾಯಿಗಿಟ್ಟುಕೊಂಡು ಕಾಯುತ್ತಿದ್ದಳು. ಹುಡುಗಿ ತಾನೇ ಇಳಿದು, ನೀರು ದಾಟಿ, ಒಣಗಿದ ಮಣ್ಣಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಈಗ ಕರೆಯಬಹುದಿತ್ತು. ಎಲ್ಲರೂ ಹನುಮಂತನ ಕಡೆ ನೋಡಿದರು.

ಅವನು ದೋಣಿಯಲ್ಲೇ ನಿಂತಿದ್ದ. ಇಡೀ ಊರಿನ ಮುಂದೆ ತನ್ನ ಒಲೆಯ ಮಾತು ಕೂಗಿದವನಿಗೆ ಒಂದು ಹೆಸರು ಹೇಳಲು ದನಿ ಏಳುತ್ತಿರಲಿಲ್ಲ. ಇಳಿದು, ದಡ ಹತ್ತಿ, ಅವಳ ಬೆನ್ನ ಹಿಂದೆ ನಿಂತು, ಮೆಲ್ಲಗೆ ಕರೆದ.

"ಗೌರೀ."

ಅವಳು ತಿರುಗದೆ ಜಡೆಯ ನೀರು ಹಿಂಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಮೇಲೆ ಅಂದಳು, "ಓ."